ಇಪ್ಪತ್ತೆರಡನೆಯ ಬಳೆ

ಅರಸೀಕೆರೆಯ ಹೆಂಗಸರ ಕೈಗಳನ್ನು ಶರೀಫಾ ಬೀ ಬಲ್ಲಷ್ಟು ಅವರ ಗಂಡಂದಿರೂ ಬಲ್ಲವರಲ್ಲ. ಯಾರ ಹೆಬ್ಬೆರಳ ಬುಡದ ಮೂಳೆ ಅಗಲ, ಯಾರ ಬಲಗೈ ಎಡಗೈಗಿಂತ ಒಂದು ಅಳತೆ ದೊಡ್ಡದು, ಮೆಕ್ಕೆಜೋಳದ ತೆನೆ ಸುಲಿದು ಸುಲಿದು ಯಾರ ಗೆಣ್ಣುಗಳು ಈ ವರ್ಷ ಊದಿಕೊಂಡಿವೆ ಎಂಬುದೆಲ್ಲ ಆಕೆಗೆ ಮುಟ್ಟಿದ ಕೂಡಲೇ ತಿಳಿಯುತ್ತಿತ್ತು. ಮೂವತ್ತೊಂದು ವರ್ಷಗಳಿಂದ ಗುರುವಾರಕ್ಕೊಮ್ಮೆ ತನ್ನೂರು ಹರಪನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿಳಿದು, ಹಗ್ಗಕ್ಕೆ ಪೋಣಿಸಿದ ಬಳೆಗಳ ಮಲಾರವನ್ನು ಹೆಗಲಿಗೇರಿಸಿ, ತಗಡಿನ ಪೆಟ್ಟಿಗೆಯೊಂದನ್ನು ಕೈಯಲ್ಲಿ ಹಿಡಿದು ಆಕೆ ಓಣಿ ಓಣಿ ತಿರುಗಿದ್ದಾಳೆ. ತೊಟ್ಟಿಲ ಕೂಸಿಗೆ ಕರಿಬಳೆ ಹಾಕಿದ್ದಾಳೆ. ಅದೇ ಕೂಸು ದೊಡ್ಡದಾಗಿ ಮದುವಣಗಿತ್ತಿಯಾದಾಗ ಹಸಿರು ಬಳೆ ಹಾಕಿದ್ದಾಳೆ. ಫ್ಯಾನ್ಸಿ ಅಂಗಡಿಗಳು ಬಂದು ಎಲ್ಲರೂ ತಮ್ಮ ಬಳೆಯನ್ನು ತಾವೇ ಏರಿಸಿಕೊಳ್ಳಲು ಕಲಿತ ಮೇಲೂ ಮದುವೆಗೆ, ಬಸುರಿಯರ ಕುಬಸಕ್ಕೆ ಊರು ಶರೀಫಾ ಬೀಯನ್ನೇ ಕರೆಯುತ್ತಿತ್ತು. ಆಕೆ ತೊಡಿಸಿದರೆ ನೋಯುವುದಿಲ್ಲ ಎಂಬುದು ಕಾರಣ.

ನೋವು ಮಾಡದ ಆ ಕೈಯನ್ನೇ ಊರು ಒಂದು ದಿನ ವಿಷವೆಂದು ಕರೆಯಿತು.

ಅದಕ್ಕೆ ಕೆಲವೇ ದಿನ ಮೊದಲು ಪಂಪಮ್ಮನ ಮನೆಯಲ್ಲಿ ಕುಬಸ ನಡೆಯಿತು. ಕೊಟ್ಟೂರಿಗೆ ಕೊಟ್ಟಿದ್ದ ಮಗಳು ಅರ್ಚನಾ ಏಳು ತಿಂಗಳ ಬಸುರಿಯಾಗಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಪಡಸಾಲೆಯ ಕಲ್ಲುಕಂಬಕ್ಕೆ ಒರಗಿ ಕುಳಿತ ಅವಳ ಕೈಯನ್ನು ಶರೀಫಾ ಬೀ ತನ್ನ ಮೊಣಕಾಲ ಮೇಲಿಟ್ಟುಕೊಂಡು ಮೆಲ್ಲಗೆ ಅಮುಕಿದಳು.

"ಕೈ ಮೆತ್ತಗ ಬಿಡು ಮಗಳ. ಹಿಂಗ ಬಿಗಿ ಹಿಡದ್ರ ನಾನೇನು ಬೇಡಿ ಹಾಕಾಕ ಬಂದ ಪೊಲೀಸೇನು?"

"ಮದುವಿ ದಿನಾನೂ ಹಿಂಗ ಅಂದಿದ್ರಿ ಬೀ."

"ಆವಾಗ ಎರಡು-ನಾಕರ ಅಳತಿ ಇತ್ತು ಈ ಕೈ. ಈಗ ಎರಡು-ಆರು. ಕೊಟ್ಟೂರಿನ ಅತ್ತಿ ಬೆಣ್ಣಿ ಹಾಕಿ ಸಾಕ್ಯಾಳ ಬಿಡು."

ಸುತ್ತ ಕುಳಿತ ಹೆಂಗಸರು ನಕ್ಕರು. ಎದುರು ಮನೆಯ ಜಂಬಮ್ಮ ತನ್ನ ಕೈಗಳನ್ನೂ ಮುಂದೆ ಚಾಚಿ ಆಗಲೇ ಒಂದೊಂದು ಡಜನ್ ಏರಿಸಿಕೊಂಡಿದ್ದಳು. ಕುಬಸಕ್ಕೆ ಬಂದ ಮುತ್ತೈದೆಯರಿಗೆಲ್ಲ ಆ ಮನೆಯವರೇ ಬಳೆ ತೊಡಿಸುವುದು ಇಲ್ಲಿಯ ರೂಢಿ. ಹೀಗಾಗಿ ಅಂದು ಹನ್ನೊಂದು ಮಂದಿಯ ಕೈಗಳು ಶರೀಫಾ ಬೀಯ ಕೈಯೊಳಗೆ ಹಾದುಹೋಗಿದ್ದವು.

"ನೀ ಎಷ್ಟು ಬಸುರಿಯರನ್ನ ನೋಡೀದಿ," ಎಂದಳು ಜಂಬಮ್ಮ. "ಹೇಳ ಬೀ, ಗಂಡೋ ಹೆಣ್ಣೋ?"

"ಕೈ ನೋಡೋದು ನನ್ನ ಕೆಲಸ ಜಂಬಕ್ಕ, ಹೊಟ್ಟಿ ನೋಡೋದು ಡಾಕ್ಟ್ರ ಕೆಲಸ. ಅವ್ರು ಹೇಳಿದ್ರ ಜೈಲು, ನಾ ಹೇಳಿದ್ರ ಸುಳ್ಳು."

ಬಲಗೈಗೆ ಹನ್ನೊಂದು ಏರಿದವು. ಎಡಗೈಗೆ ಹತ್ತು ಏರಿದವು. ಹನ್ನೊಂದನೆಯದನ್ನು ಎತ್ತಿಕೊಂಡು ಆಕೆ ಎಂದಿನಂತೆ ಇನ್ನೊಂದು ಬಳೆಗೆ ಹಗುರವಾಗಿ ತಾಗಿಸಿದಳು. ಒಡಕು ದನಿ ಬಂತು. ಕಣ್ಣಿಗೆ ಕಾಣದ ಬಿರುಕೊಂದು ಅದರಲ್ಲಿತ್ತು. ಅದನ್ನು ಬದಿಗಿಟ್ಟು ಪೆಟ್ಟಿಗೆಯೆಲ್ಲ ತಡಕಿದಳು. ಆ ಅಳತೆಯ ಹಸಿರು ಮುಗಿದಿತ್ತು.

"ಅದನ್ನ ಹಾಕಿಬಿಡು ಬೀ," ಎಂದಳು ಪಂಪಮ್ಮ. "ಕುಬಸದ ಬಳಿ ಅರ್ಧಕ್ಕ ಬಿಡಬಾರದು."

"ಬಿರುಕು ಬಿಟ್ಟದ್ದು ಬಸುರಿ ಕೈಗೆ ಹಾಕಿದ್ರ ನಾಳಿಗೆ ಚುಚ್ಚತೈತಿ ಪಂಪಕ್ಕ. ಬರೋ ಗುರುವಾರ ಇದೊಂದನ್ನ ನಾನ ತಂದು ಹಾಕ್ತೀನಿ. ಮಗಳ, ಅಲ್ಲೀತನ ಈ ಕೈ ನಂದು, ನೆನಪಿರಲಿ."

ಗಾಜು ಯಾರಿಗೂ ಚುಚ್ಚಬಾರದೆಂದು ಇಷ್ಟು ಎಚ್ಚರ ವಹಿಸಿದವಳ ಮೇಲೆಯೇ ಊರಿಗೆಲ್ಲ ರೋಗ ಹಂಚಿದಳೆಂಬ ಆರೋಪ ಬಂತು.

ಶರೀಫಾ ಬೀಯ ಗಂಡ ಶೇಖಾವಲಿ ಲಾರಿ ಚಾಲಕ. ಹರಪನಹಳ್ಳಿಯ ಮೆಕ್ಕೆಜೋಳವನ್ನು ದೂರದೂರದ ಕೋಳಿ ಆಹಾರದ ಕಾರ್ಖಾನೆಗಳಿಗೆ ಸಾಗಿಸುತ್ತಿದ್ದ. ಸತ್ತು ಹದಿನಾರು ವರ್ಷವಾಯಿತು. ಕೊನೆಯ ತಿಂಗಳಲ್ಲಿ ಅವನಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಪರೀಕ್ಷೆ ಮಾಡಿಸಿದಾಗ ಅವಳಿಗೂ ಇತ್ತು. ಮಗಳು ಅಸ್ಮಾಳಿಗೆ ಇರಲಿಲ್ಲ. ಅಂದಿನಿಂದ ಶರೀಫಾ ಬೀ ಮಾತ್ರೆ ನುಂಗುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಈಗ ಹಲವು ವರ್ಷಗಳಿಂದ ಆಕೆಯ ರಕ್ತ ಪರೀಕ್ಷೆಯಲ್ಲಿ ವೈರಾಣು ಪತ್ತೆಯೇ ಆಗುತ್ತಿಲ್ಲ. ಮಾತ್ರೆ ನಿಲ್ಲಿಸುವಂತಿಲ್ಲ, ನಿಜ. ಆದರೆ ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ಬದುಕುವಂತೆಯೇ ಆಕೆಯೂ ದುಡಿದು ಉಂಡು ಬದುಕುತ್ತಿದ್ದಳು. ಒಂದೇ ವ್ಯತ್ಯಾಸ. ಸಕ್ಕರೆ ಕಾಯಿಲೆಯವರು ತಮ್ಮ ಮಾತ್ರೆಯನ್ನು ಪಡಸಾಲೆಯಲ್ಲಿ ಕುಳಿತು ನುಂಗುತ್ತಾರೆ. ಶರೀಫಾ ಬೀ ತನ್ನ ಡಬ್ಬಿಯ ಮೇಲಿನ ಚೀಟಿ ಕಿತ್ತು, ಮಾತ್ರೆಗಳನ್ನು ಸ್ಟಿಕ್ಕರ್ ಕುಂಕುಮದ ಹಳೆಯ ಡಬ್ಬಿಗೆ ಸುರಿದು, ಬಳೆ ಪೆಟ್ಟಿಗೆಯ ತಳದಲ್ಲಿ ಬಚ್ಚಿಡಬೇಕಾಗಿತ್ತು. ಹಾಗೆ ಬಚ್ಚಿಡುವಂತೆ ಮಾಡಿದ್ದು ಆಕೆಯ ಸುತ್ತಲ ಜನ. ಶೇಖಾವಲಿಯ ಹೆಣವನ್ನು ತೊಳೆಯಲು ಬಂದವರು ಬಾಗಿಲಲ್ಲೇ ನಿಂತು ಹಿಂದಿರುಗಿದ್ದನ್ನು ಆಕೆ ಕಂಡಿದ್ದಳು. ಗಂಡನನ್ನು ಅಂದು ತೊಳೆದದ್ದು ಆಕೆ ಮತ್ತು ಆಕೆಯ ತಮ್ಮ, ಇಬ್ಬರೇ.

ಕುಬಸ ಮುಗಿಸಿ ಹೋದ ಮೂರನೆಯ ದಿನಕ್ಕೆ ಶರೀಫಾ ಬೀಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಪಟ್ಟಣದ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಯಬೇಕು ಎಂದರು. ಶಸ್ತ್ರಚಿಕಿತ್ಸೆಗೆ ಮುನ್ನ ಆಕೆ ವೈದ್ಯರ ಮುಂದೆ ತನ್ನ ಕಾಯಿಲೆಯನ್ನು ತಾನಾಗಿಯೇ ಹೇಳಿದಳು. ಹದಿನಾರು ವರ್ಷ ಕಾಪಾಡಿಕೊಂಡ ಗುಟ್ಟನ್ನು, ಇನ್ನೊಬ್ಬರಿಗೆ ತೊಂದರೆಯಾಗದಿರಲಿ ಎಂಬ ಒಂದೇ ಕಾರಣಕ್ಕೆ ಬಿಟ್ಟುಕೊಟ್ಟಳು. ಅದಕ್ಕೆ ಸಿಕ್ಕ ಪ್ರತಿಫಲವೆಂದರೆ ಒಂದು ತುಂಡು ರಟ್ಟು. ಅರ್ಧ ಗಂಟೆಯೊಳಗೆ ಆಕೆಯ ಮಂಚದ ತಲೆಯ ಕಡೆ ಅದನ್ನು ಅಂಟಿಸಿದರು. ಅದರ ಮೇಲೆ ಕೆಂಪು ಶಾಯಿಯ ದಪ್ಪ ಅಕ್ಷರ: 'ಎಚ್‌ಐವಿ. ಎಚ್ಚರಿಕೆ.'

ಶರೀಫಾ ಬೀಗೆ ಕನ್ನಡ ಓದಲು ಬಾರದು. ಅದೇನೋ ಆಸ್ಪತ್ರೆಯ ಲೆಕ್ಕದ ಚೀಟಿ ಇರಬೇಕೆಂದುಕೊಂಡು ಅದರ ಕೆಳಗೇ ಎರಡು ದಿನ ಮಲಗಿದಳು. ಪಕ್ಕದ ಮಂಚದಲ್ಲಿದ್ದ ತನ್ನ ನಾದಿನಿಯನ್ನು ನೋಡಲು ಬಂದ ಜಂಬಮ್ಮನಿಗೆ ಓದಲು ಬರುತ್ತಿತ್ತು.

ಮೂರನೆಯ ದಿನ ವೈದ್ಯರು, "ಇಲ್ಲಿ ಆಗೋದಿಲ್ಲ, ದಾವಣಗೆರೆಗೆ ಹೋಗಿ," ಎಂದು ಕೈತೊಳೆದುಕೊಂಡರು. ದಾವಣಗೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಶಸ್ತ್ರಚಿಕಿತ್ಸೆ ಒಂದು ಗಂಟೆಯಲ್ಲಿ ಮುಗಿಯಿತು. ಅಲ್ಲಿ ಯಾರೂ ರಟ್ಟು ಅಂಟಿಸಲಿಲ್ಲ. ಎಲ್ಲ ರೋಗಿಗಳಿಗೂ ವಹಿಸುವ ಎಚ್ಚರವನ್ನು ಅವಳಿಗೂ ವಹಿಸಿದರು, ಅಷ್ಟೆ. ಓದಿದವರಲ್ಲೂ ಎರಡು ಜಾತಿಯಿರುವುದು ಹೀಗೆ ತಿಳಿಯುತ್ತದೆ.

ಇತ್ತ ಜಂಬಮ್ಮ ಸಂಜೆಯ ಬಸ್ಸಿನಲ್ಲಿ ಕುಳಿತು ಅರಸೀಕೆರೆ ತಲುಪುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ, ಫೋನಿನಲ್ಲಿ ತಲುಪಿತ್ತು.

ಊರು ಅಂದೇ ಒಂದು ವಿಚಿತ್ರ ಸಂಕಟಕ್ಕೆ ಸಿಕ್ಕಿಕೊಂಡಿತು. ಶರೀಫಾ ಬೀ ತೊಡಿಸಿದ ಬಳೆಗಳು ಹನ್ನೊಂದು ಹೆಂಗಸರ ಕೈಮೇಲಿದ್ದವು, ಅರ್ಚನಾಳದು ಬೇರೆ. ರೋಗ ಅವುಗಳಿಗೆ ಅಂಟಿಕೊಂಡಿದೆ, ತೆಗೆಯಬೇಕು ಎಂದು ಎಲ್ಲರೂ ಒಪ್ಪಿದರು. ಆದರೆ ಗಾಜಿನ ಬಳೆಯನ್ನು ಒಡೆದು ತೆಗೆಯುವುದು ಇಲ್ಲಿ ಗಂಡ ಸತ್ತ ದಿನ ಮಾತ್ರ. ಗಂಡ ಗಟ್ಟಿಮುಟ್ಟಾಗಿ ಹೊಲದಲ್ಲಿ ನೀರು ಕಟ್ಟುತ್ತಿರುವಾಗ ಯಾವಳು ತನ್ನ ಬಳೆ ಒಡೆದುಕೊಂಡಾಳು? ಸೋಪು ಹಚ್ಚಿದರು, ಕೊಬ್ಬರಿ ಎಣ್ಣೆ ಸುರಿದರು. ಶರೀಫಾ ಬೀ ಅಳತೆಗೆ ತಕ್ಕಂತೆ ಬಿಗಿಯಾಗಿ ಏರಿಸಿದ ಬಳೆಗಳು ಜಗ್ಗಲಿಲ್ಲ. ಜಂಬಮ್ಮನ ಮುಂಗೈ ಊದಿಕೊಂಡು ಕೆಂಪಾಯಿತು. ಬಿಗಿಬಳೆಯನ್ನು ಒಡೆಯದೆ ಇಳಿಸುವ ವಿದ್ಯೆ ಸುತ್ತ ಹತ್ತು ಹಳ್ಳಿಗಳಲ್ಲಿ ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ.

"ತೊಡಿಸಿದಾಕಿನ ಬಂದು ತೆಗೀಲಿ," ಎಂದಳು ಪಂಪಮ್ಮ.

ಯಾರ ಕೈ ತಾಗಿದರೆ ಸಾಯುತ್ತೇವೆಂದು ನಡುಗುತ್ತಿದ್ದರೋ ಅದೇ ಕೈ ಬಂದು ತಮ್ಮ ಕೈ ಹಿಡಿಯಲಿ ಎಂದು ಹನ್ನೊಂದು ಹೆಂಗಸರು ತೀರ್ಮಾನಿಸಿದರು. ಅದರಲ್ಲಿ ನಗಬೇಕಾದ್ದೇನೂ ಅವರಿಗೆ ಕಾಣಲಿಲ್ಲ.

ದಾವಣಗೆರೆಯಿಂದ ಮರಳಿದ ಶರೀಫಾ ಬೀಗೆ ಮೊದಲು ಫೋನು ಬಂದದ್ದು ಜಂಬಮ್ಮನಿಂದ. ಆರೋಗ್ಯ ವಿಚಾರಿಸಲಿಕ್ಕಲ್ಲ, ಬಂದು ಬಳೆ ತೆಗೆ ಎಂದು ಬೈಯಲಿಕ್ಕೆ. ಮಂಚದ ಮೇಲಿನ ರಟ್ಟಿನಲ್ಲಿ ಏನು ಬರೆದಿತ್ತೆಂಬುದು ಆಕೆಗೆ ಗೊತ್ತಾದದ್ದು ಆ ಬೈಗುಳದಲ್ಲಿ. ಆಕೆ ಸೀದಾ ಹೋದದ್ದು ತಾಲೂಕು ಆಸ್ಪತ್ರೆಯ ಸುಕನ್ಯಾಳ ಬಳಿ. ಎಚ್‌ಐವಿ ಪರೀಕ್ಷೆಗೆ ಬರುವವರಿಗೆ ತಿಳಿವಳಿಕೆ ಹೇಳುವ ಆಪ್ತ ಸಮಾಲೋಚಕಿ ಸುಕನ್ಯಾ, ಶರೀಫಾ ಬೀಯ ವರದಿಗಳನ್ನು ವರ್ಷ ವರ್ಷ ಓದಿ ಹೇಳುತ್ತಿದ್ದವಳು.

"ಹಂಗ ಬರಿಯೋದು ಅಪರಾಧ ಬೀ," ಎಂದಳು ಸುಕನ್ಯಾ. "ಎರಡು ಸಾವಿರದ ಹದಿನೇಳರಾಗ ಕಾಯ್ದೆ ಆಗೈತಿ. ನಿಮ್ಮ ಒಪ್ಪಿಗಿ ಇಲ್ಲದ ನಿಮ್ಮ ಕಾಯಿಲಿ ಯಾರಿಗೂ ಹೇಳಂಗಿಲ್ಲ. ಇದರ ಸಲುವಾಗಿ ಚಿಕಿತ್ಸಿ ಇಲ್ಲ ಅನ್ನಂಗೂ ಇಲ್ಲ. ಅರ್ಜಿ ಕೊಡ್ರಿ, ನಾ ಬರದು ಕೊಡ್ತೀನಿ."

"ಬ್ಯಾಡವ್ವ. ಅರ್ಜಿ ಕೊಟ್ರ ಇನ್ನೂ ಹತ್ತು ಮಂದಿಗೆ ಗೊತ್ತಾಕ್ಕತಿ. ಅದರ ಬದ್ಲಿ ಒಂದು ಉಪಕಾರ ಮಾಡು. ಅರಸೀಕೆರಿಗೆ ಹೋಗಿ ಆ ಹೆಣ್ಣುಮಕ್ಕಳಿಗೆ ಹೇಳು. ನೀ ಓದಿದಾಕಿ, ನಿನ್ನ ಮಾತು ಕೇಳ್ತಾರ."

ಸುಕನ್ಯಾ ಹೋದಳು. ಅಂಗನವಾಡಿಯಲ್ಲಿ ಹೆಂಗಸರನ್ನು ಕೂಡಿಸಿ, ಯಾರ ಹೆಸರನ್ನೂ ಎತ್ತದೆ, ಒಂದು ಗಂಟೆ ಬಿಡಿಸಿ ಹೇಳಿದಳು. ಮುಟ್ಟಿದರೆ ಬರುವುದಿಲ್ಲ, ಒಂದೇ ಲೋಟದಲ್ಲಿ ನೀರು ಕುಡಿದರೆ ಬರುವುದಿಲ್ಲ, ಬಳೆಯಿಂದ ಬರುವುದಿಲ್ಲ. ಮಾತ್ರೆ ತಪ್ಪಿಸದವರ ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ತಗ್ಗಿದ ಮೇಲೆ ಗಂಡ ಹೆಂಡಿರ ನಡುವೆ ಕೂಡ ಹರಡುವುದಿಲ್ಲ. ಎಲ್ಲರೂ ತಲೆಯಾಡಿಸುತ್ತ ಕೇಳಿದರು. ಚಹಾ ಕುಡಿದರು. ಕೊನೆಗೆ ಪಂಪಮ್ಮ ಎಲ್ಲರ ಪರವಾಗಿ ಕೇಳಿದಳು:

"ಎಲ್ಲಾ ತಿಳೀತ್ರಿ ಮೇಡಂ. ಹಂಗಾರ ಬಳಿ ಯಾವತ್ತು ತೆಗೆಸಿದ್ರ ಚಲೋ? ಅಮಾಸಿ ಒಳಗೋ, ಆಮ್ಯಾಲೋ?"

ಗುರುವಾರ ಬಂತು. ಹೊಲಿಗೆ ಇನ್ನೂ ಪೂರ್ತಿ ಮಾಗಿರಲಿಲ್ಲ. ಅಸ್ಮಾ ಬಾಗಿಲಿಗೆ ಅಡ್ಡ ನಿಂತಳು.

"ಅಮ್ಮೀ, ನಿನ್ನ ಕರದಿದ್ದು ಮರ್ಯಾದಿ ಮಾಡಾಕಲ್ಲ. ಹೋಗಬ್ಯಾಡ."

"ಒಂದು ಬಳಿ ಹಾಕೋದು ಉಳದೈತಿ ಬೇಟಾ."

"ಯಾರು ಹಾಕಿಸ್ಕೊಂತಾರ ಈಗ?"

ಶರೀಫಾ ಬೀ ಪೆಟ್ಟಿಗೆ ತೆರೆದಳು. ಎರಡು-ಆರರ ಹಸಿರು ಬಳೆಯೊಂದನ್ನು ಹಿಂದಿನ ದಿನವೇ ಆರಿಸಿ ತಂದಿದ್ದಳು. ಬೇರೊಂದು ಬಳೆಗೆ ತಾಗಿಸಿ ಇನ್ನೊಮ್ಮೆ ಅದರ ದನಿ ಕೇಳಿದಳು. ದನಿ ಚೊಕ್ಕಟವಾಗಿತ್ತು. ಈ ಒಂದು ಬಳೆ ಅರ್ಚನಾಳ ಕೈಗೆ ಏರಿದರೆ ಅರಸೀಕೆರೆಯ ಓಣಿಗಳು ಇನ್ನೂ ತನ್ನವು. ಏರದಿದ್ದರೆ ಮೂವತ್ತೊಂದು ವರ್ಷ ಹಿಡಿದ ಕೈಗಳಲ್ಲಿ ಒಂದೂ ತನ್ನದಾಗಿರಲಿಲ್ಲ. ಆಕೆಯ ಮನಸ್ಸಿನಲ್ಲಿದ್ದ ಲೆಕ್ಕ ಇಷ್ಟೇ.

ಯಾವ ಪಡಸಾಲೆಯಲ್ಲಿ ಆಕೆ ಎರಡು ವಾರದ ಹಿಂದೆ ಕುಳಿತಿದ್ದಳೋ ಅದರ ಮೆಟ್ಟಿಲ ಕೆಳಗೆ, ಅಂಗಳದ ಮಣ್ಣಿನ ಮೇಲೆ, ಗೊಬ್ಬರದ ಖಾಲಿ ಚೀಲವೊಂದನ್ನು ಹಾಸಿದ್ದರು. ಪಕ್ಕದಲ್ಲಿ ಒಂದು ಬಕೆಟ್ ನೀರು, ಹೊಸ ಸೋಪು, ಮೆಡಿಕಲ್ ಅಂಗಡಿಯಿಂದ ತಂದ ರಬ್ಬರ್ ಕೈಗವಸಿನ ಜೋಡಿ.

"ಇವನ್ನ ಹಾಕ್ಕೊಂಡು ತೆಗಿ," ಎಂದಳು ಪಂಪಮ್ಮ, ಬೇರೆಲ್ಲೋ ನೋಡುತ್ತ. "ತಪ್ಪು ತಿಳೀಬ್ಯಾಡ ಬೀ. ಮಕ್ಕಳು ಮರಿ ಇರೋ ಮನಿ."

"ಹದಿನಾರು ವರ್ಷ ಈ ಮನಿಯಾಗ ಮಕ್ಕಳು ಮರಿ ಇರಲಿಲ್ಲೇನು ಪಂಪಕ್ಕ?"

"ಆವಾಗ ಗೊತ್ತಿರಲಿಲ್ಲ."

"ಗೊತ್ತಿಲ್ಲದಾಗ ಯಾರಿಗೂ ಏನೂ ಆಗಲಿಲ್ಲ. ಗೊತ್ತಾದ ಮ್ಯಾಲ ಆಕ್ಕತೇನು?"

ಜಂಬಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಚೀಲದ ಈಚೆ ಬದಿಗೆ ಕುಳಿತು, ಮುಖ ತಿರುಗಿಸಿ, ಊದಿದ ಕೈಯನ್ನು ಮುಂದೆ ಚಾಚಿದಳು.

ಶರೀಫಾ ಬೀ ಕೈಗವಸು ತೊಟ್ಟಳು. ಬಳೆ ತೊಡಿಸುವುದಾಗಲಿ ಇಳಿಸುವುದಾಗಲಿ ಕಣ್ಣಿನ ಕೆಲಸವಲ್ಲ. ಬೆರಳ ತುದಿಗೆ ಮೂಳೆ ತಿಳಿಯಬೇಕು, ಮೂಳೆ ಸರಿದ ಕ್ಷಣ ತಿಳಿಯಬೇಕು. ರಬ್ಬರಿನೊಳಗಿನ ಬೆರಳಿಗೆ ಏನೂ ತಿಳಿಯಲಿಲ್ಲ. ನೊರೆಗೆ ಕೈಗವಸು ಜಾರಿತು. ಮೊದಲನೆಯ ಬಳೆ ಹೇಗೋ ಇಳಿಯಿತು. ಎರಡನೆಯದು ಹೆಬ್ಬೆರಳ ಬುಡದಲ್ಲಿ ಸಿಕ್ಕಿಕೊಂಡಿತು. ಜಂಬಮ್ಮ ಹೆದರಿಕೆಗೆ ಕೈಯನ್ನು ಫಕ್ಕನೆ ಎಳೆದುಕೊಂಡಳು.

ಬಳೆ ಒಡೆಯಿತು. ಜಂಬಮ್ಮನ ಮುಂಗೈಯಲ್ಲಿ ರಕ್ತ ಜಿನುಗಿತು.

ಮೂವತ್ತೊಂದು ವರ್ಷದಲ್ಲಿ ಶರೀಫಾ ಬೀಯ ಕೈಯಲ್ಲಿ ಯಾರಿಗೂ ಆಗದ ಗಾಯ ಅಂದು, ರೋಗ ತಾಗಬಾರದೆಂದು ತಂದ ಕೈಗವಸಿನಿಂದ ಆಯಿತು. "ಅಯ್ಯೋ ನನ್ನ ಗಂಡನೇ!" ಎಂದು ಜಂಬಮ್ಮ ಎದೆ ಬಡಿದುಕೊಂಡಳು. ಅವಳು ಅತ್ತದ್ದು ರಕ್ತಕ್ಕಲ್ಲ, ಒಡೆದ ಬಳೆಗೆ. ಉಳಿದ ಹೆಂಗಸರು ಗೋಡೆಯವರೆಗೆ ಸರಿದರು. ದಿನವೂ ಅವಳೊಂದಿಗೆ ಒಂದೇ ತಟ್ಟೆಯ ಎಲೆಅಡಿಕೆ ಮೆಲ್ಲುತ್ತಿದ್ದವರು ಕೂಡ ಅವಳ ಗಾಯದ ಹತ್ತಿರ ಸುಳಿಯಲಿಲ್ಲ. ಎರಡು ನಿಮಿಷದ ಮಟ್ಟಿಗೆ ಜಂಬಮ್ಮನೂ ಶರೀಫಾ ಬೀಯಾಗಿದ್ದಳು. ಅದರಿಂದ ಅವಳೇನಾದರೂ ಕಲಿತಳೆಂದು ಹೇಳಲು ಸಾಕ್ಷಿಯಿಲ್ಲ.

ಶರೀಫಾ ಬೀ ಕೈಗವಸುಗಳನ್ನು ಕಳಚಿ ಚೀಲದ ಮೇಲೆ ಎಸೆದು ಎರಡೂ ಬರಿಗೈಗಳನ್ನು ಎತ್ತಿ ತೋರಿಸಿದಳು.

"ನೋಡ್ರಿ. ಒಂದು ಗೀರಿಲ್ಲ. ಆ ರಕ್ತ ಆಕಿದು. ಯಾರಾರ ಒಂದು ಅರಿವಿ ಕಟ್ರಿ ಆಕಿಗೆ. ನಾ ಮುಟ್ಟಿದ್ರ ಮತ್ತ ನನ್ನ ಮ್ಯಾಲ ಹೇಳ್ತೀರಿ."

ಪಡಸಾಲೆಯ ಕಂಬ ಹಿಡಿದು ನಿಂತಿದ್ದ ಅರ್ಚನಾ ನಿಧಾನವಾಗಿ ಮೆಟ್ಟಿಲಿಳಿದು ಬಂದಳು. ಗಾಯ ತೊಳೆದು, ಶುಭ್ರವಾದ ಅರಿವೆಯ ತುಂಡೊಂದನ್ನು ಕಟ್ಟಿದಳು. ಎದ್ದು ನಿಂತು ಸೊಂಟಕ್ಕೆ ಕೈಕೊಟ್ಟು ಸುಧಾರಿಸಿಕೊಂಡಳು.

ಅಷ್ಟೆಲ್ಲ ಆದ ಮೇಲೂ ಪಂಪಮ್ಮ ಹೇಳಿದ್ದು: "ಆತು. ಇನ್ನ ಅರ್ಚನಾಂದು ತೆಗಿ ಬೀ. ಹುಷಾರಿ."

"ನಂದ್ಯಾವುದೂ ತೆಗೆಯಂಗಿಲ್ಲ," ಎಂದಳು ಅರ್ಚನಾ. "ನನಗ ಇನ್ನೊಂದು ಬರಬೇಕು. ತಂದೀರೇನ್ರಿ ಬೀ?"

ಶರೀಫಾ ಬೀ ಪೆಟ್ಟಿಗೆ ತೆರೆದು ಆ ಒಂದು ಬಳೆಯನ್ನು ಹೊರತೆಗೆದಳು. ಕೊಡಲಿಲ್ಲ. ಕೈಯಲ್ಲೇ ಹಿಡಿದು ನಿಂತಳು.

"ತಲಿ ಕೆಟ್ಟೈತೇನು ನಿನಗ!" ಪಂಪಮ್ಮ ಮಗಳ ತೋಳು ಹಿಡಿದೆಳೆದಳು. "ಹೊಟ್ಟ್ಯಾಗ ಕೂಸು ಐತಿ."

"ಅಂಗನವಾಡ್ಯಾಗ ಕುಂತು ಒಂದು ತಾಸು ಕೇಳಿ ಬಂದಿಯಲ್ಲವ್ವ. ಏನು ಕೇಳಿದಿ?"

"ಅವ್ರು ಹೇಳ್ತಾರ, ಹೋಗ್ತಾರ. ಇರೋರು ನಾವು. ತೆಗೆಸು ಅಂದ್ರ ತೆಗೆಸು."

ಅರ್ಚನಾ ತೋಳು ಬಿಡಿಸಿಕೊಂಡು ಮತ್ತೆ ಮೆಟ್ಟಿಲೇರಿದಳು. ಬಳೆ ತುಂಬಿದ ಎರಡೂ ಕೈಗಳನ್ನು ಕಲ್ಲುಕಂಬದ ಮುಂದೆ ಎತ್ತಿ ಹಿಡಿದಳು.

"ತೆಗೆಸಬೇಕಂದ್ರ ಇಲ್ಲೇ ಒಡಕೊಂತೀನಿ. ಇಪ್ಪತ್ತೊಂದೂ. ಆಮ್ಯಾಲ ಕೊಟ್ಟೂರಿಗೆ ಫೋನ್ ಮಾಡಿ ನಿನ್ನ ಅಳಿಯಗ ನೀನ ಹೇಳು."

ಪಂಪಮ್ಮ ಎರಡೂ ಕೈ ಮುಂದೆ ಚಾಚಿದಳು. "ಬ್ಯಾಡವ್ವ... ಬ್ಯಾಡ. ಕೈ ಇಳಿಸು. ಹಾಕ್ಲಿ. ಹಾಕ್ಕೋ," ಎನ್ನುತ್ತ ಅವಳು ದಾರಿ ಬಿಟ್ಟು ಸರಿದಳು.

ಅರ್ಚನಾ ಗೆದ್ದಳು, ನಿಜ. ಆದರೆ ಆ ಗೆಲುವಿನಲ್ಲಿ ಹೆಮ್ಮೆಪಡುವಂಥದು ಬಹಳವಿಲ್ಲ. ಹದಿನಾರು ವರ್ಷದ ಮಾತ್ರೆಗಳು, ವರ್ಷ ವರ್ಷದ ರಕ್ತ ಪರೀಕ್ಷೆ, ದೇಶದ ಕಾಯ್ದೆ, ಸುಕನ್ಯಾಳ ಒಂದು ಗಂಟೆಯ ಮಾತು ಇವೆಲ್ಲಕ್ಕೂ ಜಗ್ಗದ ಊರು ಒಂದು ಮೂಢನಂಬಿಕೆಯ ಬೆದರಿಕೆಗೆ ಜಗ್ಗಿತು. ಅಲ್ಲಿ ತಿಳಿವಳಿಕೆ ಗೆಲ್ಲಲಿಲ್ಲ. ದೊಡ್ಡ ಭಯವೊಂದು ಚಿಕ್ಕ ಭಯವನ್ನು ಸೋಲಿಸಿತು, ಅಷ್ಟೆ. ಒಬ್ಬ ಹೆಂಗಸಿನ ಮಾನವನ್ನು ಉಳಿಸಲು ಇನ್ನೊಬ್ಬ ಹೆಂಗಸು, ಅದೂ ಏಳು ತಿಂಗಳ ಬಸುರಿ, ಕಲ್ಲುಕಂಬದೆದುರು ಕೈ ಎತ್ತಿ ನಿಲ್ಲಬೇಕಾಗಿ ಬಂದದ್ದು ಯಾವ ನಾಡಿಗೂ ನಾಚಿಕೆಗೇಡು.

ಶರೀಫಾ ಬೀಗೂ ಅದು ರುಚಿಸಲಿಲ್ಲ.

"ಪಂಪಕ್ಕ, ನೀ ಹೆದರಿ ಹಾಕ್ಲಿ ಅಂದಿದ್ದಕ್ಕ ನಾ ಹಾಕಂಗಿಲ್ಲ. ಈ ಮಗಳು ಕೈ ಕೊಟ್ಟಾಳಂತ ಹಾಕ್ತೀನಿ," ಎಂದು ಆಕೆ ಗೊಬ್ಬರದ ಚೀಲವನ್ನು ಕಾಲಿನಿಂದ ಬದಿಗೆ ಸರಿಸಿ, ಮೆಟ್ಟಿಲೇರಿ, ತನ್ನ ಹಳೆಯ ಜಾಗದಲ್ಲೇ ಕುಳಿತಳು. ಬರಿಗೈಯಿಂದ ಅರ್ಚನಾಳ ಎಡಗೈ ಹಿಡಿದಳು. "ಮೆತ್ತಗ ಬಿಡು." ಹನ್ನೊಂದನೆಯ ಬಳೆ ಮೂಳೆ ದಾಟಿ ಸದ್ದಿಲ್ಲದೆ ಮುಂಗೈ ಸೇರಿತು. ಎರಡೂ ಕೈ ಸೇರಿ ಇಪ್ಪತ್ತೆರಡು.

ಎದ್ದು ಪೆಟ್ಟಿಗೆ ಮುಚ್ಚುವಾಗ ಆಕೆ ಗೋಡೆಗೆ ಅಂಟಿ ನಿಂತವರ ಕಡೆ ತಿರುಗಿದಳು.

"ನಿಮ್ಮ ಬಳಿ ನಾ ತೆಗೆಯಂಗಿಲ್ಲ. ಬೇಕಾದ್ರ ಒಡಕೊಳ್ರಿ, ಇಲ್ಲಾ ಇಟ್ಕೊಳ್ರಿ. ಹಾಕೋದು ನನ್ನ ಕಸುಬು. ತೆಗೆಯೋದು ನನ್ನ ಕಸುಬಲ್ಲ."

ಯಾರೂ ಒಡೆದುಕೊಳ್ಳಲಿಲ್ಲ. ಹನ್ನೊಂದು ಹೆಂಗಸರೂ ಆಕೆ ತೊಡಿಸಿದ ಬಳೆಗಳಲ್ಲೇ ರೊಟ್ಟಿ ಬಡಿದರು, ಕಳೆ ಕಿತ್ತರು, ಮಕ್ಕಳಿಗೆ ಉಣ್ಣಿಸಿದರು. ಆದರೆ ಗುರುವಾರಗಳಲ್ಲಿ ಮೂರು ಮನೆಗಳ ಬಾಗಿಲು ಮಾತ್ರ ಆಕೆಗೆ ತೆರೆಯುತ್ತಿತ್ತು. ಜಂಬಮ್ಮ ತಾಲೂಕು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡಳು, ಮೂರು ತಿಂಗಳ ಅಂತರದಲ್ಲಿ ಎರಡು ಸಲ. ಏನೂ ಇರಲಿಲ್ಲ. ಆ ಕಾಗದವನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದಳು. ಅದೇ ಆಸ್ಪತ್ರೆ ಶರೀಫಾ ಬೀಗೆ ಕೊಟ್ಟ ಕಾಗದವನ್ನು ಮಾತ್ರ ಅವಳು ಕೊನೆಯವರೆಗೂ ನಂಬಲಿಲ್ಲ.

ಅರ್ಚನಾಳಿಗೆ ದಿನ ತುಂಬಿದಾಗ ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿತ್ತು. ಪಂಪಮ್ಮ ಮಗಳನ್ನು ಕರೆದೊಯ್ದದ್ದು ಹರಪನಹಳ್ಳಿಯ ಅದೇ ನರ್ಸಿಂಗ್ ಹೋಮ್‌ಗೆ. ಸಿಸೇರಿಯನ್ ಆಗಬೇಕು, ಕೈಯಲ್ಲಿ ಗಾಜು ಇರಬಾರದು ಎಂದರು. ದಾದಿಯೊಬ್ಬಳು ಬಟ್ಟೆ ಸುತ್ತಿ ಒಡೆಯಲು ಬಂದಳು. ಅರ್ಚನಾ ಕೈ ಕೊಡಲಿಲ್ಲ. ಆಗ ಪಂಪಮ್ಮನೇ ಫೋನು ಎತ್ತಿದಳು.

"ಬೀ, ಎಲ್ಲಿದ್ದೀ? ಲಗೂ ಬಾ. ಬಳಿ ಒಡೀತೀನಂತಾರ."

ಕೈಗವಸಿನ ಮಾತು ಈ ಸಲ ಬರಲಿಲ್ಲ.

ಶರೀಫಾ ಬೀ ಹತ್ತು ನಿಮಿಷದಲ್ಲಿ ಬಂದಳು. ನೀರು, ಸೋಪು, ಬರಿಗೈ. ಹೆರಿಗೆ ನೋವಿನ ನಡುವೆ ಅರ್ಚನಾಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೇ ಇಳಿಸಿದಳು. ಇಪ್ಪತ್ತೆರಡೂ ಇಡಿಯಾಗಿ ಕರವಸ್ತ್ರದೊಳಗೆ ಬಂದವು. ಅರ್ಚನಾಳನ್ನು ಒಳಗೆ ಕರೆದೊಯ್ದರು. ಪಂಪಮ್ಮ ಕೈಜೋಡಿಸಿ ಏನೋ ಹೇಳಲು ಹೋಗಿ ಅತ್ತುಬಿಟ್ಟಳು. ಶರೀಫಾ ಬೀ ಅವಳನ್ನು ಸಮಾಧಾನ ಮಾಡಲಿಲ್ಲ. ಆಕೆಯ ಕಣ್ಣು ವಾರ್ಡಿನ ಕೊನೆಯ ಮಂಚದ ಮೇಲಿತ್ತು.

ಅಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಗೋಡೆಯತ್ತ ಮುಖ ಮಾಡಿ ಮಲಗಿದ್ದಳು. ಅತ್ತಿತ್ತಲ ಮಂಚಗಳನ್ನು ಖಾಲಿ ಮಾಡಿಸಿದ್ದರು. ಅವಳ ತಲೆಯ ಕಡೆ ಒಂದು ರಟ್ಟು, ಕೆಂಪು ಅಕ್ಷರ. ಶರೀಫಾ ಬೀಗೆ ಓದಲು ಬಾರದಿದ್ದರೂ ಆ ಅಕ್ಷರಗಳ ಆಕಾರ ಗೊತ್ತಿತ್ತು. ಎರಡು ದಿನ ಅದರ ಕೆಳಗೇ ಮಲಗಿದ್ದಳಲ್ಲ.

ಆಕೆ ಹತ್ತಿರ ಹೋಗಿ ಹುಡುಗಿಯ ಕೈಯನ್ನು ಎತ್ತಿಕೊಂಡಳು. ಎರಡು-ನಾಕರ ಸಣ್ಣ ಕೈ.

"ಈ ರಟ್ಟು ಇಲ್ಲಿ ಹಚ್ಚಾಕ ನಿನ್ನ ಕೇಳಿದ್ರೇನವ್ವ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

"ತೆಗೀಲೇನು?"

ಹುಡುಗಿ ಗೋಡೆಯಿಂದ ಮುಖ ತಿರುಗಿಸಿ ಆಕೆಯನ್ನು ನೋಡಿದಳು. ಆಮೇಲೆ ಹೂಂ ಎಂದಳು.

ಶರೀಫಾ ಬೀ ರಟ್ಟನ್ನು ಕಿತ್ತಳು. ಬಾಗಿಲಲ್ಲಿದ್ದ ದಾದಿ ಓಡಿ ಬಂದಳು.

"ಏ ಅಮ್ಮ! ಅದನ್ನ ಯಾಕ ತೆಗೀತೀರಿ? ಯಾರು ನೀವು?"

"ಬಳಿಯಾಕಿ. ತೆಗೆಯೋದು ನನ್ನ ಕಸುಬಲ್ಲ ಅಂತಿದ್ದೆ. ಇದೊಂದು ತೆಗಿತೀನಿ. ತಡೀರಿ ನೋಡೋಣ."

ಯಾರೂ ತಡೆಯಲಿಲ್ಲ. ರಟ್ಟನ್ನು ನಾಲ್ಕಾಗಿ ಮಡಿಸಿ ಬಳೆ ಪೆಟ್ಟಿಗೆಯಲ್ಲಿಟ್ಟು ಆಕೆ ಅಲ್ಲೇ ಕಾದಳು. ಅರ್ಚನಾಳಿಗೆ ಹೆಣ್ಣು ಕೂಸು, ತಾಯಿ ಮಗು ಕ್ಷೇಮ ಎಂದು ತಿಳಿದ ಮೇಲೆ ಎದ್ದು ತಾಲೂಕು ಆಸ್ಪತ್ರೆಗೆ ನಡೆದಳು. ಸುಕನ್ಯಾಳ ಮೇಜಿನ ಮೇಲೆ ರಟ್ಟನ್ನು ಬಿಡಿಸಿಟ್ಟಳು.

"ಅರ್ಜಿ ಬರಿ ಅವ್ವ. ನಂದು ಈಗ ಬರಿ. ಆ ಹುಡುಗಿದು ಆಕಿನ್ನ ಕೇಳಿ ಆಮ್ಯಾಲ ಬರಿ."

ಸುಕನ್ಯಾ ಕಾಗದ ತೆಗೆದುಕೊಂಡಳು. "ನಿಮ್ಮ ಹೆಸರು ಗುಪ್ತ ಇಡಾಕ ಬರತೈತಿ ಬೀ. ಕಾಯ್ದೆದಾಗ ಅವಕಾಶ ಐತಿ."

"ಗುಪ್ತ ಇಟ್ಟಿದ್ದು ಸಾಕು," ಎಂದಳು ಆಕೆ. "ದೊಡ್ಡದಾಗಿ ಬರಿ. ಶರೀಫಾ ಬೀ, ಗಂಡನ ಹೆಸರು ಶೇಖಾವಲಿ, ಕಸುಬು ಬಳಿ ತೊಡಸೋದು."